ಹುಳದ ಹೊಟ್ಟೆ ಬಗೆದು ನೋಡಿದ ಫಾಬ್ರೆ ಮೇಷ್ಟ್ರು

ಹಾಸ್ಟೆಲಿನ ಕಿಟಕಿ ಮೂಲೆಯಲ್ಲೋ ಬಾಗಿಲ ಚೌಕಟ್ಟಿನ ಸಂದಿಯಲ್ಲೋ ಮಣ್ಣಿನ ಗೂಡು ಕಟ್ಟುವ ಕಣಜವನ್ನು ನೀವೆಲ್ಲ ನೋಡಿರ್ತೀರಿ. ಕೆಲವು ಕಡೆ ಅದಕ್ಕೆ ಕುಂಬಾರ ಹುಳ ಅಂತಾನೇ ಹೆಸರು. ಎಲ್ಲಿಂದಲೋ ಒಂದು ಹಸಿರು ಹುಳವನ್ನು ಹೊತ್ತು ತಂದು, ಗೂಡಿನೊಳಗೆ ತುರುಕಿ, ಬಾಯಿಗೆ ಮಣ್ಣು ಮೆತ್ತಿ ಹೊರಟುಹೋಗುತ್ತೆ. ಕೆಲವು ವಾರ ಕಳೆದ ಮೇಲೆ ಗೂಡು ಕೊರೆದು ಹೊರಗೆ ಬರೋದು ಆ ಹುಳ ಅಲ್ಲ, ಇನ್ನೊಂದು ಕಣಜ. ಇದನ್ನು ನೋಡಿಯೇ ನಮ್ಮ ಹಿರಿಯರು ಕೀಟ-ಭ್ರಮರ ನ್ಯಾಯ ಅಂತ ಒಂದು ಹೋಲಿಕೆ ಕಟ್ಟಿದರು. ಭ್ರಮರವನ್ನೇ ಧ್ಯಾನಿಸುತ್ತಾ ಧ್ಯಾನಿಸುತ್ತಾ ಕೀಟವೂ ಭ್ರಮರವೇ ಆಗಿಬಿಡುತ್ತದೆ ಅಂತ. ಭಕ್ತಿಯ ವಿಷಯಕ್ಕೆ ಹೋಲಿಕೆ ಸೊಗಸಾಗಿದೆ, ಅದರ ತಂಟೆಗೆ ನಾವು ಹೋಗಲ್ಲ. ಆದರೆ ಗೂಡಿನೊಳಗೆ ನಡೆಯೋದು ಧ್ಯಾನ ಅಲ್ಲ, ಊಟ. ಆ ಊಟ ವಾರಗಟ್ಟಲೆ ಕೊಳೆಯದೆ ಇರೋದು ಹೇಗೆ ಅನ್ನೋದೇ ಈ ಲೇಖನದ ಪ್ರಶ್ನೆ. ಅದರ ಬೆನ್ನು ಹತ್ತಿ ಅರ್ಧ ಶತಮಾನ ಕಳೆದವರು ಫ್ರಾನ್ಸಿನ ಒಬ್ಬ ಬಡ ಸ್ಕೂಲ್ ಮೇಷ್ಟ್ರು, ಝಾನ್ ಆನ್ರಿ ಫಾಬ್ರೆ. ಇಂಗ್ಲಿಷ್ ಪುಸ್ತಕ ಓದಿದವರು ಫೇಬರ್ ಅಂತಾರೆ, ಎರಡೂ ಒಂದೇ.

ಹುಟ್ಟಿದ್ದು 1823ರ ಡಿಸೆಂಬರಿನಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ಲಿಯೋನ್ಸ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ಮನೆಯಲ್ಲಿ ಸಾಕಲು ಆಗದೆ ಸ್ವಲ್ಪ ಕಾಲ ಅಜ್ಜ-ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅಪ್ಪ ಊರಿಂದ ಊರಿಗೆ ಹೋಗಿ ಕಾಫಿ ಅಂಗಡಿ ಇಡೋದು, ನಷ್ಟ ಮಾಡ್ಕೊಳ್ಳೋದು, ಮತ್ತೆ ಗಂಟು ಕಟ್ಟೋದು. ಹದಿನೈದು ತುಂಬುವ ಹೊತ್ತಿಗೆ ಹುಡುಗ ತನ್ನ ಹೊಟ್ಟೆ ತಾನೇ ನೋಡ್ಕೊಳ್ಳಬೇಕಾಯ್ತು. ಬೋಕೇರ್ ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದ, ರೈಲು ಹಳಿ ಹಾಕುವ ಕಡೆ ಕೂಲಿ ಮಾಡಿದ, ಒಮ್ಮೆ ಊಟದ ಕಾಸಿಗೆ ಕವನದ ಪುಸ್ತಕ ಕೊಂಡು ಹಸಿದುಕೊಂಡೇ ಓದಿದ. ಆಮೇಲೆ ಅವಿಗ್ನಾನ್ ಊರಿನ ಶಿಕ್ಷಕರ ತರಬೇತಿ ಶಾಲೆಯ ಪ್ರವೇಶ ಪರೀಕ್ಷೆ ಬರೆದು ವಿದ್ಯಾರ್ಥಿವೇತನ ಗಿಟ್ಟಿಸಿದ. 1842ರಲ್ಲಿ ಕಾರ್ಪಾಂತ್ರಾ ಪಟ್ಟಣದಲ್ಲಿ ಕೆಲಸ ಸಿಕ್ಕಿತು. ವರ್ಷಕ್ಕೆ 700 ಫ್ರಾಂಕ್ ಸಂಬಳ. ವಯಸ್ಸು ಹದಿನೆಂಟು.

ಅಲ್ಲಿ ನಡೆದ ಎರಡು ಸಂಗತಿ ನಮ್ಮಂಥವರು ಓದಲೇಬೇಕಾದವು. ಒಂದು, ಆಲ್ಜೀಬ್ರಾದ ಕತೆ. ಪರೀಕ್ಷೆಗೆ ಕೂರುವ ಒಬ್ಬ ಹುಡುಗ ಬಂದು ಪಾಠ ಹೇಳಿಕೊಡಿ ಅಂದ. ಮೇಷ್ಟ್ರಿಗೆ ಆಲ್ಜೀಬ್ರಾದ ಗಂಧಗಾಳಿ ಇರಲಿಲ್ಲ, ಆದರೂ ಒಪ್ಪಿಕೊಂಡರು. ಸಹೋದ್ಯೋಗಿಯೊಬ್ಬರ ಕೋಣೆಯಿಂದ ಅವರಿಗೆ ಹೇಳದೆ ಪುಸ್ತಕ ತಂದು, ರಾತ್ರಿ ತಾವು ಕಲಿತು ಬೆಳಗ್ಗೆ ಹುಡುಗನಿಗೆ ಕಲಿಸಿದರು. ಹುಡುಗ ಪಾಸಾದ. ಎಕ್ಸಾಮ್ ಹಿಂದಿನ ರಾತ್ರಿ ಓದುವವರಿಗೆ ಇದಕ್ಕಿಂತ ಒಳ್ಳೆ ಪೂರ್ವಿಕ ಸಿಗಲಿಕ್ಕಿಲ್ಲ. ಎರಡನೆಯದು ಸರ್ವೇಯಿಂಗ್. ಸಿವಿಲ್‌ನವರು ಕೇಳಿ. ಚೈನು, ಗೂಟ ಹಿಡಿಸಿಕೊಂಡು ಹುಡುಗರನ್ನು ಊರಾಚೆಯ ಬೀಳಿಗೆ ಕರೆದೊಯ್ದರೆ, ಅವರು ಅಳತೆ ಬಿಟ್ಟು ಅಲ್ಲಲ್ಲೇ ಬಗ್ಗಿ ಏನನ್ನೋ ಹೀರುತ್ತಿದ್ದರು. ನೋಡಿದರೆ ಕಲ್ಲಿಗೆ ಮೆತ್ತಿದ ಮಣ್ಣಿನ ಗೂಡು, ಒಳಗೆ ಜೇನು. ಕಟ್ಟಿದ್ದು ಒಂದು ಜಾತಿಯ ಒಂಟಿ ದುಂಬಿ. ಮೇಷ್ಟ್ರೂ ಹುಲ್ಲುಕಡ್ಡಿ ಹಿಡಿದು ಹೀರಿದರು. ಆ ಹುಳದ ಹೆಸರು ತಿಳಿಯಬೇಕು ಅಂತ ಕೀಟಗಳ ಮೇಲಿನ ಒಂದು ಪುಸ್ತಕ ಕೊಂಡರು. ಬೆಲೆ ಒಂದು ತಿಂಗಳ ಸಂಬಳ.

ಮುಂದಿನದನ್ನು ಬೇಗ ಹೇಳಿಬಿಡೋಣ. ಖಾಸಗಿಯಾಗಿ ಓದಿ ಗಣಿತ, ಭೌತಶಾಸ್ತ್ರ ಎರಡರಲ್ಲೂ ಪದವಿ ಪಡೆದರು. 1849ರಲ್ಲಿ ಕಾರ್ಸಿಕಾ ದ್ವೀಪದ ಅಜಾಕ್ಸಿಯೋದಲ್ಲಿ ಫಿಸಿಕ್ಸ್ ಲೆಕ್ಚರರ್. ಅಲ್ಲಿಗೆ ಬಂದಿದ್ದ ಮೋಕ್ಯಾನ್ ಟಾಂಡಾನ್ ಎಂಬ ವಿದ್ವಾಂಸರು ಒಂದು ದಿನ ನೀರು ತುಂಬಿದ ತಟ್ಟೆಯಲ್ಲಿ ಬಸವನಹುಳವನ್ನು ಇಟ್ಟು, ಮನೆಯಲ್ಲಿದ್ದ ಕತ್ತರಿ ಮತ್ತು ದ್ರಾಕ್ಷಿ ಬಳ್ಳಿಯ ತುಂಡಿಗೆ ಸಿಕ್ಕಿಸಿದ ಎರಡು ಹೊಲಿಗೆ ಸೂಜಿಯಿಂದ ಅದರ ಒಳಾಂಗಗಳನ್ನು ಬಿಡಿಸಿ ತೋರಿಸಿದರು. ಫಾಬ್ರೆಗೆ ಜೀವಶಾಸ್ತ್ರದಲ್ಲಿ ಸಿಕ್ಕ ಮರೆಯಲಾಗದ ಪಾಠ ಅದು. ಮುಂದೆ ಜೀವಮಾನವಿಡೀ ಅವರ ಲ್ಯಾಬ್ ಉಪಕರಣಗಳು ಹೆಚ್ಚುಕಮ್ಮಿ ಇದೇ ದರ್ಜೆಯವು: ಸೂಜಿ, ಕತ್ತರಿ, ಭೂತಗನ್ನಡಿ, ಗಾಜಿನ ಕೊಳವೆ.

1853ಕ್ಕೆ ಅವಿಗ್ನಾನ್‌ಗೆ ವಾಪಸ್. ಮರುವರ್ಷದ ಚಳಿಗಾಲದ ಒಂದು ರಾತ್ರಿ, ಒಲೆಯ ಪಕ್ಕ ಕೂತು ಲಿಯೋನ್ ದ್ಯುಫೂರ್ ಎಂಬ ಹಿರಿಯ ಕೀಟತಜ್ಞರ ಪ್ರಬಂಧ ಓದಿದರು. ಸರ್ಸೆರಿಸ್ ಎಂಬ ಕಣಜ ನೆಲದೊಳಗಿನ ಬಿಲದಲ್ಲಿ ಮರಿಗಾಗಿ ಜೀರುಂಡೆಗಳನ್ನು ತಂದಿಡುತ್ತೆ, ಅವು ಬೇಸಿಗೆಯಲ್ಲೂ ಕೊಳೆಯಲ್ಲ, ಅಂದರೆ ಕಣಜದ ವಿಷ ಉಪ್ಪಿನಕಾಯಿಯ ಉಪ್ಪಿನಂತೆ ಕೆಲಸ ಮಾಡಿ ಹೆಣವನ್ನು ಕೆಡದಂತೆ ಇಡುತ್ತೆ ಅಂತ ದ್ಯುಫೂರ್ ವಾದ. ನೋಡಿದ್ದೆಲ್ಲ ನಿಜ, ತೀರ್ಮಾನ ಮಾತ್ರ ಫಾಬ್ರೆಗೆ ಒಪ್ಪಿಗೆ ಆಗಲಿಲ್ಲ. ಕಾರ್ಪಾಂತ್ರಾ ಸುತ್ತಲಿನ ಕಣಿವೆಗಳಲ್ಲಿ ಇನ್ನೊಂದು ಸರ್ಸೆರಿಸ್ ಜಾತಿಯನ್ನು ಹುಡುಕಿ, ಅದು ಬಿಲಕ್ಕೆ ತಂದಿಟ್ಟ ಮೂತಿಹುಳಗಳನ್ನು ಎತ್ತಿಕೊಂಡು ಬಂದರು. ಮೈ ಅಲ್ಲಾಡಲ್ಲ. ಆದರೆ ಒಂದು ತಿಂಗಳು ಕಳೆದರೂ ಕೀಲು ಮೆತ್ತಗೆ, ಬಣ್ಣ ತಾಜಾ, ಹೊಟ್ಟೆ ಬಗೆದು ನೋಡಿದರೆ ಒಳಾಂಗಗಳು ಜೀವಂತ ಹುಳದಲ್ಲಿದ್ದ ಹಾಗೇ.

ಇಲ್ಲಿ ಮೇಷ್ಟ್ರು ಒಂದು ಸಣ್ಣ ವಿಷಯ ಗಮನಿಸಿದರು, ಎಲ್ಲರೂ ಮೂಗು ಮುಚ್ಚಿಕೊಂಡು ಗುಡಿಸಿ ಹಾಕುವಂಥದ್ದು. ಮೊದಲ ವಾರ ಆ ಹುಳಗಳು ಆಗಾಗ ಹಿಕ್ಕೆ ಹಾಕುತ್ತಿದ್ದವು, ಕರುಳು ಖಾಲಿಯಾಗುವ ತನಕ. ಹೆಣ ಹಿಕ್ಕೆ ಹಾಕೋದಿಲ್ಲ. ಕಾಲು, ಮೀಸೆ ಎಲ್ಲ ಸ್ತಬ್ಧವಾದರೂ ಕರುಳು ತನ್ನ ಡ್ಯೂಟಿ ಬಿಟ್ಟಿಲ್ಲ ಅಂದರೆ ಹುಳ ಸತ್ತಿಲ್ಲ, ಅದಕ್ಕೆ ಲಕ್ವ ಹೊಡೆದಿದೆ ಅಷ್ಟೇ. ಇಷ್ಟರಲ್ಲೇ ತೃಪ್ತಿಪಡದೆ ವೋಲ್ಟಾ ಬ್ಯಾಟರಿಯ ತಂತಿಗಳನ್ನು ಸೂಜಿಗೆ ಜೋಡಿಸಿ, ಒಂದನ್ನು ಗಂಟಲ ಕೆಳಗೆ ಇನ್ನೊಂದನ್ನು ಹೊಟ್ಟೆಯ ತುದಿಗೆ ಚುಚ್ಚಿ ಕರೆಂಟ್ ಹಾಯಿಸಿದರು. ಕಾಲುಗಳು ಅಲ್ಲಾಡಿದವು. ಪಕ್ಕದಲ್ಲೇ, ಬೇರೆ ವಿಧಾನದಲ್ಲಿ ಕೊಂದ ಹುಳಗಳಿಗೂ ಅದೇ ಕರೆಂಟ್ ಕೊಟ್ಟು ನೋಡಿದರು. ಕೆಲವೇ ಗಂಟೆಗಳ ನಂತರ ಅವು ಜಪ್ಪಯ್ಯ ಅನ್ನಲಿಲ್ಲ. ಇಪಿಎಸ್ ಲ್ಯಾಬಿನಲ್ಲಿ ರೀಡಿಂಗ್ ಕಾಪಿ ಹೊಡೆಯುವ ನಮಗೆ ಈ ಹೋಲಿಕೆಯ ಪ್ರಯೋಗದ ಶಿಸ್ತು ಸ್ವಲ್ಪ ನಾಚಿಕೆ ತರಿಸುವಂಥದ್ದೇ.

ಹಾಗಾದರೆ ಕಣಜ ಚುಚ್ಚೋದು ಎಲ್ಲಿಗೆ? ಎದೆಯ ಕೆಳಗೆ, ಕಾಲುಗಳ ನರಗಂಟುಗಳಿರುವ ಜಾಗಕ್ಕೆ. ಸರ್ಸೆರಿಸ್ ಹಿಡಿಯುವ ಜೀರುಂಡೆ ಕುಟುಂಬಗಳಲ್ಲಿ ಆ ಗಂಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಒಂದೇ ಚುಚ್ಚಿಗೆ ಎಲ್ಲಾ ಕಾಲೂ ಬಂದ್. ಫಾಬ್ರೆ ತಾವೇ ಲೋಹದ ಪೆನ್ನಿನ ಮೊನೆಯಿಂದ ಒಂದು ಹನಿ ಅಮೋನಿಯಾ ಅದೇ ಜಾಗಕ್ಕೆ ಹಾಕಿ ನೋಡಿದರು. ಗಂಟುಗಳು ಒತ್ತೊತ್ತಾಗಿರುವ ಜೀರುಂಡೆಗಳು ತಕ್ಷಣ ಸ್ತಬ್ಧವಾದವು, ದೂರ ದೂರ ಇರುವವು ಒದ್ದಾಡಿ ಮತ್ತೆ ಚೇತರಿಸಿಕೊಂಡವು. 1855ರಲ್ಲಿ ಇದು ಪ್ರಕಟವಾಯಿತು, ಮರುವರ್ಷ ಪ್ಯಾರಿಸಿನ ಅಕಾಡೆಮಿಯ ಬಹುಮಾನ ಬಂತು. ದ್ಯುಫೂರ್ ಸಿಟ್ಟಾಗಲಿಲ್ಲ, ಮೆಚ್ಚಿ ಪತ್ರ ಬರೆದರು. ಡಾರ್ವಿನ್ ಕೂಡ ತಮ್ಮ ದೊಡ್ಡ ಪುಸ್ತಕದಲ್ಲಿ ಇವರ ಹೆಸರು ಎತ್ತಿದರು.

ಹೆಸರು ಬಂತು, ಕಾಸು ಬರಲಿಲ್ಲ. ಅವಿಗ್ನಾನ್‌ನಲ್ಲಿ ಸಂಬಳ 1600 ಫ್ರಾಂಕ್, ವರ್ಷಗಟ್ಟಲೆ ಅಷ್ಟೇ. ಡಾಕ್ಟರೇಟ್ ಇತ್ತು, ಆದರೆ ಸ್ವಂತ ಆಸ್ತಿ ಇಲ್ಲದವರಿಗೆ ವಿಶ್ವವಿದ್ಯಾಲಯದ ಹುದ್ದೆ ನಿಭಾಯಿಸೋಕೆ ಆಗಲ್ಲ ಅಂತ ಇನ್‌ಸ್ಪೆಕ್ಟರ್ ಒಬ್ಬರು ಕಿವಿಮಾತು ಹೇಳಿದರು. ಸರಿ, ದುಡ್ಡು ಮಾಡೋಣ ಅಂತ ಮೇಷ್ಟ್ರು ಬಣ್ಣದ ಕೆಲಸಕ್ಕೆ ಇಳಿದರು. ಆ ಸೀಮೆಯಲ್ಲಿ ಬೆಳೆಯುತ್ತಿದ್ದ ಮ್ಯಾಡರ್ ಗಿಡದ ಬೇರಿನಿಂದ ಕೆಂಪು ಬಣ್ಣದ ಅಲಿಝರಿನ್ ತೆಗೆಯುವ ವಿಧಾನ ಕಂಡುಹಿಡಿದು ಪೇಟೆಂಟ್ ಕೂಡ ಪಡೆದರು. ಕಾರ್ಖಾನೆ ಶುರುವಾಗುವ ಹೊತ್ತಿಗೆ, 1868-69ರಲ್ಲಿ, ಜರ್ಮನ್ ರಸಾಯನತಜ್ಞರು ಕಲ್ಲಿದ್ದಲ ಟಾರಿನಿಂದ ಅದೇ ಅಲಿಝರಿನ್ ತಯಾರಿಸಿಬಿಟ್ಟರು. ಹತ್ತು ವರ್ಷದ ಶ್ರಮ ನೀರುಪಾಲು. ನಡುವೆ 1865ರಲ್ಲಿ ರೇಷ್ಮೆಹುಳದ ರೋಗ ಪತ್ತೆ ಮಾಡಲು ಲೂಯಿ ಪಾಸ್ತರ್ ಬಂದಿದ್ದರು. ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳಗೇನಿದೆ ಅಂತ ಕೇಳಿದರಂತೆ. ಏನೂ ಗೊತ್ತಿಲ್ಲದೆ ಬಂದು ರೇಷ್ಮೆ ಉದ್ಯಮವನ್ನೇ ಉಳಿಸಿದ ಆ ಮನುಷ್ಯನ ಧೈರ್ಯ ನೋಡಿ ಫಾಬ್ರೆಗೆ ಬೆರಗು. ಹೊರಡುವ ಮುಂಚೆ ಪಾಸ್ತರ್ ಮನೆಯ ವೈನ್ ನೆಲಮಾಳಿಗೆ ತೋರಿಸಿ ಅಂದಾಗ ಮಾತ್ರ ಮೇಷ್ಟ್ರಿಗೆ ಮುಜುಗರ. ಅವರ ನೆಲಮಾಳಿಗೆ ಅಂದರೆ ಕುರ್ಚಿಯ ಮೇಲಿಟ್ಟ ಒಂದು ಹೂಜಿ.

ದೊಡ್ಡ ಪೆಟ್ಟು ಬಿದ್ದದ್ದು 1870ರ ಸುಮಾರಿಗೆ. ಊರಿನ ಹೆಣ್ಣುಮಕ್ಕಳಿಗೆ ಉಚಿತ ವಿಜ್ಞಾನ ತರಗತಿ ನಡೆಸುತ್ತಿದ್ದರು. ಹೂವಿನಲ್ಲಿ ಪರಾಗಸ್ಪರ್ಶ ಹೇಗಾಗುತ್ತೆ ಅಂತ ಹುಡುಗಿಯರಿಗೆ ಪಾಠ ಮಾಡಿದ್ದು ಮಡಿವಂತರಿಗೆ ಮಹಾಪರಾಧವಾಗಿ ಕಂಡಿತು. ಬಾಡಿಗೆ ಮನೆಯ ಒಡತಿಯರು ಮನೆ ಖಾಲಿ ಮಾಡಿಸಿದರು, ಕೆಲಸವೂ ಹೋಯಿತು. ಕೈಯಲ್ಲಿ ಕಾಸಿಲ್ಲ, ಐದು ಮಕ್ಕಳು. ಆಗ 3000 ಫ್ರಾಂಕ್ ಸಾಲ ಕೊಟ್ಟು ಕೈಹಿಡಿದವರು, ಹೆಂಡತಿಯ ಸಮಾಧಿ ಇರುವ ಊರು ಅಂತ ಅವಿಗ್ನಾನ್‌ನಲ್ಲೇ ಉಳಿದಿದ್ದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. ಚೀಟಿಯಿಲ್ಲ, ಶರತ್ತಿಲ್ಲ. ಫಾಬ್ರೆ ಒರಾಂಜ್ ಊರಿಗೆ ಹೋಗಿ ಶಾಲಾ ಪುಸ್ತಕಗಳನ್ನು ಒಂದರ ಮೇಲೊಂದು ಬರೆದು ಆ ಸಾಲ ತೀರಿಸಿದರು.

1877ರಲ್ಲಿ ಮಗ ಜೂಲ್ಸ್ ಹದಿನಾರನೇ ವಯಸ್ಸಿಗೆ ತೀರಿಕೊಂಡ. ಅಪ್ಪನ ಜೊತೆ ಕಣಜಗಳ ಹಿಂದೆ ಅಲೆದವನು ಅವನೇ. ಎರಡು ವರ್ಷದ ಮೇಲೆ ಕೀಟಗಳ ನೆನಪಿನ ಪುಸ್ತಕದ ಮೊದಲ ಸಂಪುಟ ಬಂದಾಗ ಅದರಲ್ಲಿ ಮೂರು ಜಾತಿ ಕಣಜಗಳಿಗೆ ಅವನದೇ ಹೆಸರು. ಅದೇ 1879ರಲ್ಲಿ ಸೆರಿನ್ಯಾನ್ ಹಳ್ಳಿಯಲ್ಲಿ ಸುಮಾರು ಒಂದು ಹೆಕ್ಟೇರ್ ಬೀಳುಭೂಮಿ ಕೊಂಡರು. ಕಲ್ಲು, ಮುಳ್ಳು, ನೆಗ್ಗಿಲು, ಇನ್ನೇನಿಲ್ಲ. ಅಲ್ಲಿನ ಭಾಷೆಯಲ್ಲಿ ಅಂಥ ನೆಲಕ್ಕೆ ಆರ್ಮಾಸ್ ಅಂತಾರೆ, ಮನೆಗೂ ಅದೇ ಹೆಸರಾಯಿತು. ರೈತನಿಗೆ ಕೆಲಸಕ್ಕೆ ಬಾರದ ಆ ನೆಲ ಕಣಜಗಳಿಗೆ ಸ್ವರ್ಗ. ಐವತ್ತೈದರ ಮೇಷ್ಟ್ರಿಗೆ ಕೊನೆಗೂ ಸ್ವಂತ ಲ್ಯಾಬ್.

ಅಲ್ಲಿ ಮಾಡಿದ ಪ್ರಯೋಗಗಳಲ್ಲಿ ನಮಗೆ ಅತಿ ಇಷ್ಟವಾದದ್ದು ಸ್ಕೋಲಿಯಾ ಕಣಜದ್ದು. ಇದು ಗೊಬ್ಬರದಲ್ಲಿರುವ ಜೀರುಂಡೆಯ ದಪ್ಪ ಬಿಳಿ ಹುಳವನ್ನು ಸ್ತಬ್ಧಗೊಳಿಸಿ ಅದರ ಹೊಟ್ಟೆಯ ಮೇಲೆ ಒಂದು ನಿರ್ದಿಷ್ಟ ಜಾಗದಲ್ಲಿ ಮೊಟ್ಟೆ ಇಡುತ್ತೆ. ಮರಿ ಅಲ್ಲೇ ತೂತು ಮಾಡಿ ತಲೆ ತೂರಿಸಿ ತಿನ್ನುತ್ತೆ, ಒಂದು ಕ್ರಮದಲ್ಲಿ. ಜೀವಕ್ಕೆ ಅಷ್ಟು ಅಗತ್ಯವಿಲ್ಲದ್ದು ಮೊದಲು, ಅದಿಲ್ಲದೆ ಬದುಕೇ ಇಲ್ಲ ಅನ್ನುವಂಥದ್ದು ಕೊನೆಗೆ. ಆದ್ದರಿಂದ ಕೊನೆಯ ತುತ್ತಿನ ತನಕ ಊಟ ತಾಜಾ. ಫಾಬ್ರೆ ಆ ಮರಿಯ ತಲೆಯನ್ನು ಮೆಲ್ಲಗೆ ಎತ್ತಿ ಹುಳದ ಮೈಯಲ್ಲಿ ಬೇರೆ ಕಡೆ ಇಟ್ಟರು. ಅದು ಅಲ್ಲಿಂದ ಕೊರೆಯಿತು. ಕೆಲವೇ ದಿನದಲ್ಲಿ ಹುಳ ಕಂದಾಗಿ ಕೊಳೆಯಿತು, ಕೊಳೆತದ್ದನ್ನು ತಿಂದ ಮರಿಯೂ ಸತ್ತಿತು. ಡಿಸ್‌ಅಸೆಂಬ್ಲಿ ಕ್ರಮ ತಪ್ಪಿದರೆ ಮೆಷೀನೇ ಕೈಕೊಡುತ್ತಲ್ಲ, ಹಾಗೆ.

ಇವೆಲ್ಲ ಹೊರಗಿನಿಂದ ತಿನ್ನುವ ಕಣಜಗಳ ಮಾತು. ಒಳಗಿನಿಂದ ತಿನ್ನುವವೂ ಇವೆ. ಎಂಬತ್ತು ದಾಟಿದ ಮೇಲೆ, 1907ರ ಹತ್ತನೇ ಸಂಪುಟದ ಹೊತ್ತಿಗೆ, ಮೇಷ್ಟ್ರು ತೋಟದ ಕೋಸಿನ ಹುಳಗಳ ಕಡೆ ತಿರುಗಿದರು. ಕೋಸು ತಿಂದು ಕೊಬ್ಬಿದ ಹುಳದ ಪಕ್ಕೆಯಿಂದ ಒಂದು ದಿನ ಚಿಕ್ಕ ಚಿಕ್ಕ ಮರಿಗಳು ಗುಂಪಾಗಿ ಹೊರಬಂದು, ಪಕ್ಕದಲ್ಲೇ ಹಳದಿ ರೇಷ್ಮೆಯ ಪುಟ್ಟ ಗೂಡು ಕಟ್ಟುತ್ತವೆ. ಇವು ಸೊಳ್ಳೆ ಗಾತ್ರದ ಒಂದು ಕಣಜದ ಮಕ್ಕಳು. ಆಗ ಅದರ ಹೆಸರು ಮೈಕ್ರೋಗಾಸ್ಟರ್, ಈಗ ಕೋಟೇಸಿಯಾ ಗ್ಲೊಮೆರೇಟಾ. ಫಾಬ್ರೆ ಹುಳಗಳನ್ನು ಕತ್ತರಿಯಿಂದ ಬಿಡಿಸಿ ನೋಡಿದರು. ಕರುಳಿನ ಸುತ್ತ ಹಳದಿ ರಕ್ತದಲ್ಲಿ ಮರಿಗಳು ತೇಲಾಡುತ್ತಿದ್ದವು. ಭೂತಗನ್ನಡಿ ಹಿಡಿದು ಕರುಳು, ಕೊಬ್ಬು, ಸ್ನಾಯು ಎಲ್ಲ ಹುಡುಕಿದರು. ಎಲ್ಲೂ ಕಚ್ಚಿದ ಗುರುತಿಲ್ಲ. ಮರಿಗಳು ಅಗಿಯೋದಿಲ್ಲ, ಕುಡಿಯುತ್ತವೆ ಅನ್ನೋದು ಅವರ ತೀರ್ಮಾನ. ಹುಳ ತಿನ್ನುತ್ತೆ, ಕರುಳು ಜೀರ್ಣಿಸಿ ರಕ್ತಕ್ಕೆ ಬಿಡುತ್ತೆ, ರಕ್ತ ಮರಿಗಳ ಪಾಲು. ಅಂದರೆ ಕರುಳು ಹುಳದ್ದೇ, ದುಡಿಮೆ ಮಾತ್ರ ಬೇರೆಯವರಿಗೆ.

ಒಂದು ಕಡೆ ಮೇಷ್ಟ್ರು ಎಡವಿದರು. ತಾಯಿ ಕಣಜ ಚಿಟ್ಟೆಯ ಮೊಟ್ಟೆಗೇ ಚುಚ್ಚುತ್ತೆ ಅಂದುಕೊಂಡರು. ವಾಸ್ತವದಲ್ಲಿ ಅದು ಚುಚ್ಚೋದು ಆಗಷ್ಟೇ ಮೊಟ್ಟೆಯೊಡೆದ ಎಳೆ ಹುಳಗಳಿಗೆ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕಣಜದ ಕೆಲಸ ಎಂದೂ ತಪ್ಪದ ಹುಟ್ಟುಗುಣ, ಅದು ಹಂತಹಂತವಾಗಿ ಬೆಳೆದು ಬಂದಿರಲು ಸಾಧ್ಯವೇ ಇಲ್ಲ ಅಂತ ಕೊನೆವರೆಗೂ ವಿಕಾಸವಾದವನ್ನು ಒಪ್ಪಲಿಲ್ಲ. ಅಮೆರಿಕದ ಪೆಕ್‌ಹ್ಯಾಮ್ ದಂಪತಿ ಅದೇ ಕಾಲದಲ್ಲಿ ಕಣಜಗಳನ್ನು ಕೂತು ನೋಡಿ, ಒಂದೊಂದು ಒಂದೊಂದು ಥರ ಚುಚ್ಚುತ್ತೆ, ಕೆಲವು ಬಾರಿ ಬೇಟೆ ಸತ್ತೂ ಹೋಗುತ್ತೆ ಅಂತ ತೋರಿಸಿದ್ದರು. ತಾವು ನೋಡಿದ್ದರ ಮೇಲೆ ಇದ್ದ ನಂಬಿಕೆಯೇ ಮೇಷ್ಟ್ರ ಕಣ್ಣಿಗೆ ಇಲ್ಲಿ ಅಡ್ಡ ಬಂತು ಅನ್ನೋದು ನಮ್ಮ ಅಭಿಪ್ರಾಯ. ತಮಾಷೆ ಅಂದರೆ, ಡಾರ್ವಿನ್ ಇದೇ ಕಣಜಗಳನ್ನು ನೆನೆದು ದಯಾಮಯ ದೇವರು ಇಂಥದ್ದನ್ನು ಬೇಕಂತಲೇ ಸೃಷ್ಟಿಸಿರಲಾರ ಅಂತ ಗೆಳೆಯನಿಗೆ ಬರೆದರು. ಫಾಬ್ರೆಗೆ ಅವೇ ಕಣಜಗಳಲ್ಲಿ ಸೃಷ್ಟಿಕರ್ತನ ಜಾಣ್ಮೆ ಕಂಡಿತು.

ಕೋಸಿನ ಹುಳದ ಹೊಟ್ಟೆಯಲ್ಲಿ ಭೂತಗನ್ನಡಿಗೆ ಕಾಣದೆ ಉಳಿದದ್ದು ಏನು? ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕಿತ್ತು. ಕೋಟೇಸಿಯಾದಂಥ ಕಣಜಗಳ ಅಂಡಾಶಯದಲ್ಲಿ ವೈರಸ್ಸಿನಂಥ ಕಣಗಳು ತಯಾರಾಗುತ್ತವೆ, ಮೊಟ್ಟೆಯ ಜೊತೆ ಅವೂ ಹುಳದ ಮೈ ಸೇರುತ್ತವೆ ಅಂತ ಕಳೆದ ಶತಮಾನದ ಉತ್ತರಾರ್ಧದಲ್ಲಿ ಗೊತ್ತಾಯಿತು. ಹುಳದ ರಕ್ಷಣಾ ಜೀವಕೋಶಗಳು ಮೊಟ್ಟೆಯನ್ನು ಸುತ್ತುವರಿದು ಉಸಿರುಗಟ್ಟಿಸದಂತೆ ತಡೆಯೋದು ಈ ಕಣಗಳೇ ಅಂತ 1981ರಲ್ಲಿ ಇನ್ನೊಂದು ಜಾತಿಯ ಕಣಜದಲ್ಲಿ ಪ್ರಯೋಗ ಮಾಡಿ ತೋರಿಸಿದರು. ಕೋಟೇಸಿಯಾ ಗುಂಪಿನ ವೈರಸ್ ಸುಮಾರು ಹತ್ತು ಕೋಟಿ ವರ್ಷದ ಹಿಂದೆ ಯಾವುದೋ ಪೂರ್ವಿಕ ಕಣಜದ ಜೀನೋಮಿನೊಳಗೆ ಸೇರಿಕೊಂಡು ಮನೆ ಮಗನಾಗಿಬಿಟ್ಟಿದೆ. ಫಾಬ್ರೆ ಒಪ್ಪದ ವಿಕಾಸದ ಕತೆ ಅವರು ಬಗೆದ ಹುಳದ ರಕ್ತದಲ್ಲೇ ತೇಲುತ್ತಿತ್ತು.

ಕರುಳಿನ ವಿಷಯಕ್ಕೆ ಬರೋಣ. ಕಂಬಳಿಹುಳದ ನಡುಗರುಳಿನ ಗೋಡೆ ಒಂದೇ ಪದರ ಜೀವಕೋಶ. ಉದ್ದನೆಯ ಕಂಬದಂಥ ಕೋಶಗಳು ಜೀರ್ಣರಸ ಸುರಿಸಿ ಪೋಷಕಾಂಶ ಹೀರುತ್ತವೆ, ಹೂಜಿಯಾಕಾರದವು ಪೊಟ್ಯಾಸಿಯಂ ಪಂಪ್ ಮಾಡುತ್ತವೆ, ಬುಡದಲ್ಲಿರುವ ಚಿಕ್ಕ ಕಾಂಡಕೋಶಗಳು ಹೊಸ ಕೋಶ ಹುಟ್ಟಿಸುತ್ತವೆ. ಹುಳ ಪ್ಯೂಪಾ ಆಗುವಾಗ ಹಳೇ ಪದರ ಕಳಚಿ ಸಾಯುತ್ತೆ, ಕಾಂಡಕೋಶಗಳು ಚಿಟ್ಟೆಗೆ ಬೇಕಾದ ಹೊಸ ಕರುಳು ಕಟ್ಟುತ್ತವೆ. ಈ ಕೆಡವಿ ಕಟ್ಟುವ ಕೆಲಸಕ್ಕೆ ಆರ್ಡರ್ ಕೊಡೋದು ಹಾರ್ಮೋನುಗಳು. ತಂಬಾಕಿನ ಹುಳದ ಮೇಲೆ ಬದುಕುವ ಕೋಟೇಸಿಯಾ ಜಾತಿಯಲ್ಲಿ ಚೆನ್ನಾಗಿ ಅಧ್ಯಯನವಾಗಿರೋ ಪ್ರಕಾರ, ಹುಳದ ರಕ್ತದಲ್ಲಿ ಜುವನೈಲ್ ಹಾರ್ಮೋನ್ ಇಳಿಯೋದೇ ಇಲ್ಲ. ಆ ಆರ್ಡರ್ ಬರೋದೇ ಇಲ್ಲ. ಹುಳ ಎಂದೂ ಪ್ಯೂಪಾ ಆಗಲ್ಲ, ಹಳೇ ಕರುಳೇ ಮುಂದುವರಿಯುತ್ತೆ.

ಆಮೇಲೆ ಮರಿಗಳು ಹೊರಬರುವ ದಿನ ಇನ್ನೊಂದು ವಿಚಿತ್ರ. ಅದೇ ತಂಬಾಕಿನ ಹುಳ ತಿನ್ನೋದು ನಿಲ್ಲಿಸುತ್ತೆ. 2000ದಲ್ಲಿ ಬಂದ ಒಂದು ಸಂಶೋಧನೆ ಕಾರಣದ ಒಂದು ತುದಿ ಹಿಡಿಯಿತು. ಮುಂಗರುಳು ಲಯಬದ್ಧವಾಗಿ ಹಿಸುಕಿ ಆಹಾರವನ್ನು ಹಿಂದಕ್ಕೆ ತಳ್ಳುವ ಪಂಪ್. ಕಣಜ ಹೊರಬಂದ ಹುಳದಲ್ಲಿ ಆ ಪಂಪ್ ಮಂದವಾಗಿರುತ್ತೆ, ರಕ್ತದಲ್ಲಿ ಆಕ್ಟೋಪಮೀನ್ ಎಂಬ ರಾಸಾಯನಿಕ ಏರಿರುತ್ತೆ. ಆರೋಗ್ಯವಂತ ಹುಳದ ಮುಂಗರುಳಿಗೆ ಆಕ್ಟೋಪಮೀನ್ ಕೊಟ್ಟರೂ ಅದೇ ಪರಿಣಾಮ. ಹುಳ ಇನ್ನೂ ಜೀವಂತ, ಆದರೆ ಮೈಗೆ ಅಂಟಿದ ಗೂಡುಗಳನ್ನು ತಿಂದುಹಾಕುವ ಗೊಡವೆ ಇಲ್ಲ. ಬೇರೆ ಬೇರೆ ಕಣಜಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ, ಎಲ್ಲದಕ್ಕೂ ಇದೇ ಸೂತ್ರ ಅಂತ ನಾವು ಹೇಳ್ತಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಒಂದು ಮಾತು. ಕೋಸಿಗೆ ಬೀಳುವ ವಜ್ರಬೆನ್ನಿನ ಪತಂಗದ ಹುಳಕ್ಕೂ ಒಂದು ಕೋಟೇಸಿಯಾ ಶತ್ರು ನಮ್ಮ ಹೊಲಗಳಲ್ಲೇ ಇದೆ. ಎಲೆಯಡಿ ಅಕ್ಕಿಕಾಳಿಗಿಂತ ಚಿಕ್ಕ ಬಿಳಿ ಗೂಡು ಕಂಡರೆ ಉಜ್ಜಿ ಹಾಕಬೇಡಿ. 2010ರಲ್ಲಿ ಪಪ್ಪಾಯಿಯ ಹಿಟ್ಟು ತಿಗಣೆ ಕಾಟ ತಗ್ಗಿದ್ದೂ ಇಂಥದ್ದೇ ಒಂದು ಪುಟ್ಟ ಕಣಜದಿಂದ. ಅದನ್ನು ಹೊರದೇಶದಿಂದ ತರಿಸಿ ಸಾಕಿದ್ದು ಬೆಂಗಳೂರಿನ ಹೆಬ್ಬಾಳದ ಕೃಷಿ ಕೀಟ ಸಂಸ್ಥೆ.

ಮೇಷ್ಟ್ರ ಕೊನೆಯ ವರ್ಷಗಳು ವಿಚಿತ್ರ. ಹಳ್ಳಿಯವರಿಗೆ ಅವರು ದಾರಿ ಬದಿ ನೆಲಕ್ಕೆ ಮುಖ ಹಾಕಿ ಮಲಗುವ ಅರೆಹುಚ್ಚ. ಪುಸ್ತಕಗಳು ಅಷ್ಟಕ್ಕಷ್ಟೇ ಮಾರಾಟ. 1910ರಲ್ಲಿ ಗೆಳೆಯರು ಸೇರಿ ಅಭಿನಂದನೆ ಮಾಡಿದ ಮೇಲೆ ಇದ್ದಕ್ಕಿದ್ದಂತೆ ದೇಶಕ್ಕೆಲ್ಲ ಪರಿಚಯವಾದರು. ಸಾಹಿತ್ಯದ ನೊಬೆಲ್‌ಗೆ ಹೆಸರು ಹೋಯಿತು, ಸಿಗಲಿಲ್ಲ. 1913ರಲ್ಲಿ ಫ್ರಾನ್ಸಿನ ರಾಷ್ಟ್ರಪತಿ ಪೊಂಕಾರೆ ಮನೆಗೇ ಬಂದು ಗೌರವಿಸಿದರು. ಆ ಹೊತ್ತಿಗೆ ಕಾಲು ನಡೆಯುತ್ತಿರಲಿಲ್ಲ, ಕಣ್ಣು ಮಂಜು. ಮಹಾಯುದ್ಧದ ನಡುವೆ, 1915ರ ಅಕ್ಟೋಬರ್ 11ರಂದು ತೀರಿಕೊಂಡರು, ತೊಂಬತ್ತೊಂದು ವರ್ಷ. ಆರ್ಮಾಸ್ ಈಗ ಮ್ಯೂಸಿಯಂ. ಕರವಸ್ತ್ರದಷ್ಟು ಅಗಲದ ಪುಟ್ಟ ಮರದ ಮೇಜೊಂದು ಅಲ್ಲಿದೆ, ಬಣ್ಣದ ಕಾರ್ಖಾನೆ ಮುಳುಗಿದ ಮೇಲೆ ಅವರು ಬರೆಯಲು ಕೂರುತ್ತಿದ್ದದ್ದು ಅದರ ಮುಂದೆ.